ಗೋಡೆಗೆ ಯಾವ ಬಣ್ಣ, ದಾರಿಗೆ ಯಾವ ಕಮಾನು? ಗಡಿನಾಡ ಓದುಗರಿಗೆ ಉತ್ತರ

ಮನೆಯೊಳಗಿನ ಬಣ್ಣ, ಆಕಾರಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡಿನವು. ಅಕ್ಕಲಕೋಟೆ, ಹೊಸೂರು, ತಾಳವಾಡಿ, ಆದವಾನಿಯವರೂ ಬರೆದಿದ್ದಾರೆ. ಒಂದೇ ಡಬ್ಬದ ಬಣ್ಣ ಮಂಜೇಶ್ವರದ ಮಳೆಗೂ ಆದವಾನಿಯ ಬಿಸಿಲಿಗೂ ಒಂದೇ ಥರ ಒಗ್ಗುವುದಿಲ್ಲ. ಹಾಗಾಗಿ ಊರು ನೋಡಿ, ಗೋಡೆ ನೋಡಿ ಉತ್ತರಿಸಿದ್ದೇವೆ.

ಪ್ರಶ್ನೆ: ಹೊಸ ಮನೆಯ ಸಾರಣೆ ಮುಗಿದಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಹಲಸಿನ ಬಾಗಿಲು, ಮೂರು ಬದಿಗೂ ಅಡಿಕೆ ತೋಟ. ಚಾವಡಿಗೆ ಬೂದು ಬಣ್ಣ ಎಂದು ನಿಶ್ಚಯಿಸಿದ್ದೆವು. ಮಗಳು ಅದು ಹಳತಾಯಿತು, ಈಗ ಕಂದು, ಹಸಿರು ಎನ್ನುತ್ತಾಳೆ. ನಿಜವಾಗಿ ಈಗ ಯಾವುದು ನಡೆಯುತ್ತಿದೆ? ನಮ್ಮ ಮನೆಗೆ ಯಾವುದು ಒಪ್ಪುತ್ತದೆ?
- ಬದಿಯಡ್ಕ

ಉತ್ತರ: ಮಗಳು ಹೇಳಿದ್ದು ಸರಿ. ಹಲವು ವರ್ಷ ಎಲ್ಲೆಲ್ಲೂ ಕಾಣುತ್ತಿದ್ದ ತಣ್ಣನೆಯ ಬೂದು ಹಿಂದೆ ಸರಿದಿದೆ. ಅದರ ಜಾಗಕ್ಕೆ ಮಣ್ಣಿನ ಬಣ್ಣಗಳು ಬಂದಿವೆ: ಕೆನೆ, ಮರಳು, ಕಾಫಿ ಕಂದು, ಇಟ್ಟಿಗೆ ಕೆಂಪು, ಆಲಿವ್, ಅಂಗಡಿಯಲ್ಲಿ ಸೇಜ್ ಗ್ರೀನ್ ಎಂದು ಕೇಳುವ ಮಾಸಲು ಹಸಿರು. ಅಮೆರಿಕದ ಪ್ಯಾಂಟೋನ್ ಸಂಸ್ಥೆ ವರ್ಷಕ್ಕೊಂದು ಬಣ್ಣ ಘೋಷಿಸುತ್ತದೆ. 2024ಕ್ಕೆ ಪೀಚ್ ಫಜ್ ಎಂಬ ಎಳೆ ಕಿತ್ತಳೆ, 2025ಕ್ಕೆ ಮೋಕಾ ಮೂಸ್ ಎಂಬ ಕಾಫಿ ಕಂದು, 2026ಕ್ಕೆ ಕ್ಲೌಡ್ ಡ್ಯಾನ್ಸರ್ ಎಂಬ ಬಿಳಿ. ಆ ಘೋಷಣೆ ಬಟ್ಟೆ, ಮುದ್ರಣ, ಪ್ಯಾಕಿಂಗ್ ಎಲ್ಲವನ್ನೂ ಗಮನದಲ್ಲಿಟ್ಟು ಮಾಡುವಂಥದ್ದು, ಗೋಡೆಗೆಂದೇ ಮಾಡಿದ್ದಲ್ಲ. ಅದನ್ನು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಮಾತ್ರ ನೋಡಿ.

ನಿಮ್ಮ ಮನೆಯಲ್ಲಿ ಬಣ್ಣ ಆರಿಸುವುದು ತೋಟದ ಬೆಳಕು. ಅಡಿಕೆ ಸೋಗೆಯ ಎಡೆಯಿಂದ ಬರುವ ಬೆಳಕಿಗೆ ಹಸಿರು ಛಾಯೆ ಇರುತ್ತದೆ, ಪ್ರಮಾಣವೂ ಕಡಿಮೆ. ಆ ಬೆಳಕಿನಲ್ಲಿ ಬೂದು ಗೋಡೆ ಪಾಚಿ ಹಿಡಿದಂತೆ ಕಾಣುತ್ತದೆ, ಪೀಚ್ ಬಣ್ಣ ಮಣ್ಣಾಗುತ್ತದೆ. ಹಳದಿಯ ಲೇಶವಿರುವ ಕೆನೆ ಬಣ್ಣ ಮಾತ್ರ ಹಸಿರನ್ನು ನುಂಗಿಕೊಂಡು ಬೆಳಗುತ್ತದೆ. ಮಾಡಿನ ಹಂಚು ಒಳಗಿನಿಂದ ಕಾಣುವಂತಿದ್ದರೆ ಕೋಣೆಯಲ್ಲಿ ಕೆಂಪು ಆಗಲೇ ಬೇಕಾದಷ್ಟಿದೆ. ಗೋಡೆಗೂ ಇಟ್ಟಿಗೆ ಕೆಂಪು ಬಳಿದರೆ ಕತ್ತಲೆ. ಹಲಸಿನ ಬಾಗಿಲಿನ ಪಕ್ಕ ಕಾಫಿ ಕಂದು ಹಚ್ಚಿದರೆ ಎರಡು ಕಂದುಗಳು ಜಗಳಾಡಿ ಮರದ ಹೊನ್ನಿನ ಹೊಳಪು ಸಾಯುತ್ತದೆ. ಅದೇ ಬಾಗಿಲು ಮಾಸಲು ಹಸಿರಿನ ಪಕ್ಕ ಎದ್ದು ಕಾಣುತ್ತದೆ. ಆದ್ದರಿಂದ ಮೂರು ಗೋಡೆಗೆ ಕೆನೆ, ಒಂದಕ್ಕೆ ಮಾಸಲು ಹಸಿರು ಎಂಬುದು ನಮ್ಮ ಸಲಹೆ. ಆ ಒಂದು ಗೋಡೆ ಕಿಟಕಿಯ ಎದುರಿನದ್ದಾಗಿರಲಿ, ಅದರ ಮೇಲೆ ಬೆಳಕು ಬೀಳುತ್ತದೆ. ಕಿಟಕಿ ಇರುವ ಗೋಡೆಗೇ ಗಾಢ ಬಣ್ಣ ಹಚ್ಚಿದರೆ ಹೊರಗಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಗೋಡೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ.

ಶೇಡ್ ಕಾರ್ಡಿನಲ್ಲಿ ಅಥವಾ ಕಂಪನಿಯ ಜಾಲತಾಣದಲ್ಲಿ ಎಲ್‌ಆರ್‌ವಿ ಎಂಬ ಸಂಖ್ಯೆ ಸಿಗುತ್ತದೆ. ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಅಳತೆ ಅದು. 0 ಅಂದರೆ ಕಡುಗಪ್ಪು, 100 ಅಂದರೆ ಶುದ್ಧ ಬಿಳಿ. ತೋಟದ ನೆರಳಿನ ಮನೆಯಲ್ಲಿ ದೊಡ್ಡ ಗೋಡೆಗಳಿಗೆ 65ಕ್ಕಿಂತ ಕೆಳಗೆ ಇಳಿಯಬೇಡಿ. ಮಳೆ ಬಿಡದ ಆಟಿ ತಿಂಗಳಲ್ಲಿ ನಡು ಮಧ್ಯಾಹ್ನವೂ ದೀಪ ಹಾಕಬೇಕಾಗುವ ಊರಿದು.

ಶೇಡ್ ಕಾರ್ಡಿನ ಹೆಬ್ಬೆರಳಗಲದ ಚೂರು ನೋಡಿ ಆರ್ಡರ್ ಕೊಡಬೇಡಿ. ಎರಡು ಅಡಿ ಚೌಕದ ಪ್ಲೈವುಡ್ ಹಲಗೆಗೆ ಪ್ರೈಮರ್ ಹಚ್ಚಿ, ಬೇಕಾದ ಬಣ್ಣ ಎರಡು ಕೋಟು ಬಳಿಯಿರಿ. ಅಂಚಿಗೆ ಒಂದು ಇಂಚು ಬಿಳಿ ಬಿಡಿ, ಇಲ್ಲವಾದರೆ ಹಿಂದಿನ ಗೋಡೆಯ ಬಣ್ಣ ಕಣ್ಣನ್ನು ಮೋಸ ಮಾಡುತ್ತದೆ. ಹಲಗೆಯನ್ನು ನಾಲ್ಕೂ ಗೋಡೆಗೆ ಒರಗಿಸಿ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ, ರಾತ್ರಿ ದೀಪದಲ್ಲಿ ನೋಡಿ. ದೀಪವೂ ಮನೆಯಲ್ಲಿ ಮುಂದೆ ಉರಿಸುವಂಥದ್ದೇ ಆಗಿರಲಿ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ಕೆನೆ ಬಣ್ಣ ಸುಣ್ಣದಂತೆ, ಮಾಸಲು ಹಸಿರು ಬೂದಿಯಂತೆ ಕಾಣುತ್ತದೆ. ಮಣ್ಣಿನ ಬಣ್ಣಗಳಿಗೆ 3000 ಕೆಲ್ವಿನ್‌ನ ಹಳದಿ ಬೆಳಕಿನ, ಸಿಆರ್‌ಐ (ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಳತೆ) 90ರ ಬಲ್ಬ್ ತನ್ನಿ. ಎರಡೂ ಸಂಖ್ಯೆ ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಇರುತ್ತವೆ. ಎಷ್ಟೋ ಮನೆಗಳಲ್ಲಿ ಬೇಸರ ತಂದದ್ದು ಬಲ್ಬ್, ಬೈಸಿಕೊಂಡದ್ದು ಪೇಂಟರ್.

ಸಾರಣೆಗೆ ಏಳು ದಿನ ನೀರು ಹಾಕಿ, ಆಮೇಲೆ ಕನಿಷ್ಠ 28 ದಿನ ಒಣಗಲು ಬಿಡಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ, ಅಲ್ಲಲ್ಲಿ ಮಾಸಲು ಕಲೆ ಬೀಳುತ್ತದೆ. ಮನೆ ಒಕ್ಕಲಿಗೆ ಅವಸರವಿದ್ದರೆ ಬಿಳಿ ಪ್ರೈಮರ್ ಮಾತ್ರ ಹಚ್ಚಿ ಒಳಗೆ ಹೋಗಿ, ಬಣ್ಣ ಮುಂದಿನ ಬೇಸಿಗೆಗೆ ಇರಲಿ.

ಪ್ರಶ್ನೆ: ಕಳೆದ ವರ್ಷ ಹಾಲ್‌ಗೆ ದುಬಾರಿ ಬಣ್ಣ ಹಾಕಿಸಿದೆವು. ಮಳೆಗಾಲ ಮುಗಿಯುವ ಮೊದಲೇ ನೆಲದಿಂದ ಎರಡಡಿ ಎತ್ತರದವರೆಗೆ ಗುಳ್ಳೆ ಎದ್ದು, ಬಿಳಿ ಹುಡಿ ಉದುರುತ್ತಿದೆ. ಅದರ ಮೇಲೆ ಈಗಿನ ಸಾಲುಪಟ್ಟಿಯ (ಉದ್ದುದ್ದ ಪಟ್ಟಿಗಳು ಸಾಲಾಗಿರುವ) ಪ್ಯಾನೆಲ್ ಹೊಡೆದು ಮುಚ್ಚಬಹುದೇ? ಕಪಾಟಿನ ಹಿಂದೆ ಬೂಷ್ಟು ಕೂಡ ಹಿಡಿದಿದೆ.
- ಮಂಜೇಶ್ವರ

ಉತ್ತರ: ಮುಚ್ಚಬೇಡಿ. ಮುಚ್ಚಿದರೆ ತೇವ ಹಿಂದೆಯೇ ಮೇಲೇರಿ ನಾಲ್ಕಡಿಗೆ ತಲುಪುತ್ತದೆ, ಪ್ಯಾನೆಲ್ ಎಂಡಿಎಫ್‌ನದ್ದಾದರೆ (ಮರದ ನಾರು ಒತ್ತಿ ಮಾಡಿದ ಹಲಗೆ) ಊದಿಕೊಳ್ಳುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ.

ಆ ಬಿಳಿ ಹುಡಿ ಉಪ್ಪು. ಮುರಕಲ್ಲು ತೂತು ತೂತಾದ ಕಲ್ಲು, ನೆಲದ ನೀರನ್ನು ಹೀರಿ ಮೇಲಕ್ಕೆಳೆಯುತ್ತದೆ. ನೀರು ಗೋಡೆಯ ಮೈಯಲ್ಲಿ ಆವಿಯಾಗುತ್ತದೆ, ತಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹೊರಗೆ ತಳ್ಳುತ್ತದೆ. ಬಣ್ಣದ ಪದರ ಎಷ್ಟು ಬಿಗಿಯೋ ಗುಳ್ಳೆ ಅಷ್ಟು ದೊಡ್ಡದು. ಹಾಗಾಗಿ ದುಬಾರಿ, ತೊಳೆಯಬಹುದಾದ, ಹೊಳೆಯುವ ಬಣ್ಣಗಳೇ ಮೊದಲು ಎದ್ದು ಬರುತ್ತವೆ. ಅಳಿವೆ ಬದಿಯ ಮರಳನ್ನು ತೊಳೆಯದೆ ಸಾರಣೆಗೆ ಬಳಸಿದ್ದರೆ ಇನ್ನೂ ಕಷ್ಟ. ಅದರ ಉಪ್ಪು ಗಾಳಿಯ ತೇವವನ್ನೇ ಎಳೆದುಕೊಳ್ಳುವುದರಿಂದ ನೆಲ ಒಣಗಿದರೂ ಗೋಡೆ ಒಣಗುವುದಿಲ್ಲ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಿರಿ. ಬಣ್ಣ ಕೆರೆದ ಜಾಗದಲ್ಲಿ ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ 24 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿನದು. ಹೊರಮೈಯಲ್ಲಿ ಮಾತ್ರ ಹನಿ ಇದ್ದರೆ ಅದು ಕೋಣೆಯ ಆವಿ, ಗಾಳಿಯಾಡಿಸಿದರೆ ಹೋಗುತ್ತದೆ.

ಗೋಡೆಯೊಳಗಿನ ನೀರಾದರೆ ಕೆಲಸ ಹೊರಗಿನಿಂದ ಶುರುವಾಗಬೇಕು. ಅಂಗಳದ ಮಣ್ಣು ಒಳನೆಲಕ್ಕಿಂತ ಕನಿಷ್ಠ ಆರು ಇಂಚು ತಗ್ಗಿರಲಿ. ಮಾಡಿನ ನೀರು ಬಿದ್ದು ಸಿಡಿಯುವ ಜಾಗಕ್ಕೆ ಗೋಡೆಗುಂಟ ಮೂರು ಅಡಿ ಅಗಲ ಕಾಂಕ್ರೀಟ್ ಹಾಕಿ, ಹೊರಮುಖವಾಗಿ ಒಂದು ಇಂಚು ಇಳಿಜಾರು ಕೊಡಿ. ನೀರಿನ ದಂಬೆ ಕಟ್ಟಿಸಿದರೆ ಅರ್ಧ ತೊಂದರೆ ಅಲ್ಲಿಗೇ ನಿಂತೀತು.

ಆಮೇಲೆ ಒಳಗೆ. ತೇವದ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಸಾರಣೆಯನ್ನು ಕಲ್ಲು ಕಾಣುವಷ್ಟು ಕಿತ್ತು ಹಾಕಿ. ಕಿತ್ತದ್ದನ್ನು ಅಂಗಳದಲ್ಲೇ ಗುಡ್ಡೆ ಹಾಕಬೇಡಿ, ಉಪ್ಪು ಮತ್ತೆ ಮಣ್ಣಿಗಿಳಿಯುತ್ತದೆ. ಕಲ್ಲಿನ ಸಂದಿಯ ಗಾರೆಯನ್ನು ಅರ್ಧ ಇಂಚು ಕೆರೆದು, ಒಣ ಬ್ರಷ್ಷಿನಿಂದ ಉಜ್ಜಿ. ನೀರು ಹಾಕಿ ತೊಳೆಯುವ ತಪ್ಪು ಬಹಳ ಜನ ಮಾಡುತ್ತಾರೆ. ತೊಳೆದರೆ ಉಪ್ಪು ಕರಗಿ ಕಲ್ಲಿನೊಳಗೆ ವಾಪಸಾಗುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಗೋಡೆ ಹಾಗೇ ಬಯಲಾಗಿರಲಿ. ನೋಡಲು ಚೆಂದವಲ್ಲ, ಆದರೆ ಬೇರೆ ದಾರಿಯಿಲ್ಲ. ನಂತರ ಒಂದಕ್ಕೆ ನಾಲ್ಕರ ಹದದಲ್ಲಿ, ಅಂದರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ತೊಳೆದ ಮರಳು ಸೇರಿಸಿ, ಜಲನಿರೋಧಕ ದ್ರವ ಬೆರೆಸಿ ಸಾರಣೆ. ದ್ರವ ಸಾಮಾನ್ಯವಾಗಿ 50 ಕಿಲೋ ಸಿಮೆಂಟಿಗೆ 200 ಮಿ.ಲೀ., ಡಬ್ಬದ ಮೇಲೆ ಬರೆದದ್ದನ್ನೇ ಅನುಸರಿಸಿ. ಮೇಲೆ ಪುಟ್ಟಿ ಬೇಡ. ಉಸಿರಾಡುವ ಸಾಧಾರಣ ಮ್ಯಾಟ್ ಎಮಲ್ಷನ್ ಅಥವಾ ಸುಣ್ಣ ಸಾಕು. ಆಯಿಲ್ ಪೇಂಟ್ ಖಂಡಿತ ಬೇಡ.

ಬೂಷ್ಟಿನದು ಬೇರೆ ಕಥೆ. ಒಣ ಬೂಷ್ಟನ್ನು ಗುಡಿಸಬೇಡಿ, ಮನೆ ತುಂಬ ಹರಡುತ್ತದೆ. ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ ಮೂರು ಪಾಲು ನೀರು ಸೇರಿಸಿ, ಕಿಟಕಿ ತೆರೆದು, ಕೈಗವಸು ಹಾಕಿ ಸ್ಪಂಜಿನಿಂದ ಒದ್ದೆ ಮಾಡಿ. 20 ನಿಮಿಷ ಬಿಟ್ಟು ಒರೆಸಿ ತೊಳೆಯಿರಿ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಕಪಾಟನ್ನು ಹೊರಗೋಡೆಯಿಂದ ಮೂರು ಇಂಚು ಮುಂದೆ ಸರಿಸಿ, ಕೆಳಗೂ ಮೇಲೂ ಗಾಳಿಗೆ ದಾರಿ ಬಿಡಿ.

ಪ್ರಶ್ನೆ: ಹಾಲ್‌ಗೂ ಊಟದ ಕೋಣೆಗೂ ನಡುವೆ ಆರು ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲಿಲ್ಲದ ದಾರಿ ಇದೆ. ಅದನ್ನು ಕಮಾನು ಮಾಡಬೇಕೆಂದು ಸೊಸೆಯ ಆಸೆ. ಮೇಸ್ತ್ರಿ ಅರ್ಧ ವೃತ್ತ ಮಾಡೋಣ ಎನ್ನುತ್ತಾರೆ. ಗೋಡೆ ಒಡೆಯಬೇಕೇ?
- ಪೆರ್ಲ

ಉತ್ತರ: ಮೇಲಿನ ಲಿಂಟೆಲನ್ನು ಮುಟ್ಟಬೇಡಿ. ಗೋಡೆಯ ಭಾರ ಹೊತ್ತಿರುವುದು ಅದೇ. ಕಮಾನು ಅದರ ಕೆಳಗೆ, ಬರೀ ಆಕಾರಕ್ಕಾಗಿ ಬರಬೇಕು.

ಅರ್ಧ ವೃತ್ತ ಇಲ್ಲಿ ಆಗದು, ಲೆಕ್ಕ ನೋಡಿ. ಅಡಿಗೆ ಸುಮಾರು 30 ಸೆಂ.ಮೀ. ಹಿಡಿದರೆ ಅಗಲ 180 ಸೆಂ.ಮೀ. ಅಂದರೆ ತ್ರಿಜ್ಯ 90. ಲಿಂಟೆಲ್ 210ರಲ್ಲಿ ಇರುವುದರಿಂದ ಬಾಗು 120ರಿಂದಲೇ ಶುರುವಾಗಬೇಕು. ಅಂಚಿನಿಂದ 10 ಸೆಂ.ಮೀ. ಒಳಗೆ ಎತ್ತರ ಬರೀ 161. ತಟ್ಟೆ ಹಿಡಿದು ಬದಿಯಿಂದ ಬರುವವರ ತಲೆಗೆ ಬಡಿಯುತ್ತದೆ. ಬದಲಿಗೆ ಏರು 30 ಸೆಂ.ಮೀ. ಮಾತ್ರ ಇರುವ ತಗ್ಗು ಕಮಾನು ಮಾಡಿ. ಆಗ ತ್ರಿಜ್ಯ 150. ಬಾಗು 180ರಲ್ಲಿ ಶುರುವಾಗಿ ನಡುವೆ 210 ಮುಟ್ಟುತ್ತದೆ. ಗುರುತು ಹಾಕುವುದು ಸುಲಭ: ದಾರಿಯ ನಟ್ಟನಡುವೆ, ನೆಲದಿಂದ 60 ಸೆಂ.ಮೀ. ಎತ್ತರದಲ್ಲಿ ಒಂದು ಮೊಳೆ ಬರುವಂತೆ ಅಡ್ಡಹಲಗೆ ಕಟ್ಟಿ. ಮೊಳೆಗೆ 150 ಸೆಂ.ಮೀ. ತಂತಿ ಕಟ್ಟಿ ಪೆನ್ಸಿಲ್ ಎಳೆಯಿರಿ. ದಾರ ಬೇಡ, ಅದು ಹಿಗ್ಗುತ್ತದೆ, ಎಡಬಲ ಬಾಗು ಬೇರೆಬೇರೆಯಾಗುತ್ತದೆ. ಮೊದಲು ದಪ್ಪ ರಟ್ಟಿನಲ್ಲಿ ಕತ್ತರಿಸಿ ಎರಡು ದಿನ ಅಂಟಿಸಿಡಿ. ಮನೆಯವರೆಲ್ಲ ಅದರಡಿ ನಡೆದಾಡಿದ ಮೇಲೆ ಮೇಸ್ತ್ರಿಯನ್ನು ಕರೆಯಿರಿ.

ಕಟ್ಟಲು ಜಿಪ್ಸಂ ಹಲಗೆ ಬೇಗ ಮುಗಿಯುವ ದಾರಿ. ಆದರೆ ಹಂಚಿನ ಮಾಡು ಸೋರುವ ಸಂಭವವಿದ್ದಲ್ಲಿ ಒಂದು ಸಲ ನೆನೆದರೆ ಜೋತುಬೀಳುತ್ತದೆ. ನಿಮಗೆ ಜಾಲರಿ ಗಾರೆಯೇ ಒಳ್ಳೆಯದು. ಬಾಗಿಗೆ ತಕ್ಕಂತೆ ಬಗ್ಗಿಸಿದ 8 ಮಿ.ಮೀ. ಕಂಬಿ ಎರಡು, ಗೋಡೆಯ ಎರಡೂ ಮುಖಕ್ಕೆ ಒಂದೊಂದು. ಅವುಗಳ ತುದಿಯನ್ನು ಪಕ್ಕದ ಗೋಡೆಯಲ್ಲಿ ನಾಲ್ಕು ಇಂಚು ಕೊರೆದು ಗಾರೆಯಿಂದ ಕೂರಿಸಿ. ಆರು ಇಂಚಿಗೊಂದರಂತೆ 6 ಮಿ.ಮೀ. ಅಡ್ಡಕಂಬಿ ಕಟ್ಟಿ, ಎರಡು ಪದರ ಕೋಳಿಬಲೆ ಬಿಗಿದು ಸುತ್ತಿ. ಒಂದಕ್ಕೆ ಮೂರರ ಗಾರೆಯನ್ನು ಎರಡು ಸಲವಾಗಿ ಹಚ್ಚಿ ಏಳು ದಿನ ಒದ್ದೆಯಾಗಿಡಿ. ಮೂಲೆಯನ್ನು ಇಟ್ಟಿಗೆ ಚೂರಿನಿಂದ ತುಂಬಿಸಲು ಬಿಡಬೇಡಿ, ಭಾರ ನೇತಾಡುತ್ತದೆ.

ಬಿರುಕು ಬರುವುದು ಹಳೆಯ ಸಾರಣೆಯೂ ಹೊಸದೂ ಕೂಡುವ ಗೆರೆಯಲ್ಲಿ. ಅಲ್ಲಿ ಹಳೆಯದನ್ನು ನಾಲ್ಕು ಇಂಚು ಕೆತ್ತಿ, ಆರು ಇಂಚು ಅಗಲದ ಫೈಬರ್ ಜಾಲರಿ ಇಟ್ಟು ಸಾರಣೆ ಮಾಡಿ. ಖರ್ಚು ಇಷ್ಟು ಬೇಡವೆಂದರೆ ಮೇಲಿನ ಎರಡು ಮೂಲೆಗಳನ್ನು ಮಾತ್ರ 30 ಸೆಂ.ಮೀ. ತ್ರಿಜ್ಯದಲ್ಲಿ ಉರುಟು ಮಾಡಿ. ನಮ್ಮ ಕಣ್ಣಿಗೆ ಅದೂ ಬಹಳ ಚೆಂದ. ಒಂದು ಮಾತು: ಒಂದು ಕಡೆ ನಿಂತರೆ ಒಂದು ಕಮಾನು ಕಾಣಬೇಕು. ದೇವರ ಗೂಡು, ಟಿ.ವಿ. ಗೋಡೆ, ಕನ್ನಡಿ ಎಲ್ಲಕ್ಕೂ ಬಾಗು ಕೊಟ್ಟರೆ ಯಾವುದರ ಮೇಲೂ ಕಣ್ಣು ನಿಲ್ಲುವುದಿಲ್ಲ.

ಪ್ರಶ್ನೆ: ಪಡಸಾಲೆಯ ನೆಲ ಶಹಾಬಾದ್ ಫರಸಿ. ಹೊರಗಿನ ಪಶ್ಚಿಮದ ಗೋಡೆಗೆ ಹಚ್ಚಿದ್ದ ಗುಲಾಬಿ ಮಿಶ್ರಿತ ಕೆಂಪು ಎರಡೇ ಬೇಸಿಗೆಗೆ ಹಾರಿಹೋಯಿತು. ಒಳಗೆ ಧಗೆ ಬೇರೆ. ಯಾವ ಬಣ್ಣ ಹಚ್ಚಬೇಕು?
- ಅಕ್ಕಲಕೋಟೆ

ಉತ್ತರ: ಬಣ್ಣ ಹಾರುವುದು ಅದರಲ್ಲಿನ ವರ್ಣದ್ರವ್ಯದಿಂದ. ಹೊಳೆಯುವ ಗುಲಾಬಿ, ನೇರಳೆ, ನಿಂಬೆ ಹಳದಿಗಳಲ್ಲಿ ಬಹುಪಾಲು ಸಾವಯವ (ಇಂಗಾಲದ ಸಂಯುಕ್ತಗಳ) ವರ್ಣಗಳಿರುತ್ತವೆ, ಬಿಸಿಲಿನ ಅತಿನೇರಳೆ ಕಿರಣ ಅವನ್ನು ಒಡೆಯುತ್ತದೆ. ಕಬ್ಬಿಣದ ಆಕ್ಸೈಡಿನಿಂದ ಬರುವ ಕಾವಿ ಕೆಂಪು, ಗೋಪಿ ಹಳದಿ, ಕಂದು ಇವು ಬಿಸಿಲಿಗೆ ಜಗ್ಗುವುದಿಲ್ಲ. ಅಂಗಡಿಯಲ್ಲಿ ಹೊರಗೋಡೆಗೆ ಆಕ್ಸೈಡ್ ಟಿಂಟರ್ ಶೇಡೇ ಬೇಕೆಂದು ಕೇಳಿ. ಈಗ ನಡೆಯುತ್ತಿರುವ ಮಣ್ಣಿನ ಬಣ್ಣಗಳು ಹೆಚ್ಚಿನವು ಈ ಜಾತಿಯವೇ, ಅದು ನಿಮಗೆ ಅನುಕೂಲ.

ಆದರೆ ಪಶ್ಚಿಮದ ಗೋಡೆಗೆ ಗಾಢ ಬಣ್ಣ ಬೇಡ. ಹೀರಿದ ಕಾವನ್ನು ಗೋಡೆ ರಾತ್ರಿಯೆಲ್ಲ ಒಳಗೆ ಬಿಡುತ್ತದೆ, ಹಗಲಿನ ಹಿಗ್ಗು ರಾತ್ರಿಯ ಕುಗ್ಗಿನಿಂದ ಗಿಲಾವಿನಲ್ಲಿ ಕೂದಲೆಳೆಯ ಬಿರುಕೂ ಬರುತ್ತದೆ. ಅಲ್ಲಿಗೆ ಜೋಳದ ದಂಟಿನ ಎಳೆ ಹಳದಿ ಅಥವಾ ಕೆನೆ ಹಚ್ಚಿ, ಕಾವಿ ಕೆಂಪನ್ನು ಕಿಟಕಿ ಚೌಕಟ್ಟಿಗೆ, ಗೋಡೆಮಾಡದ ಒಳಮೈಗೆ ಇಟ್ಟುಕೊಳ್ಳಿ. ಧಗೆ ಇಳಿಯಬೇಕಾದರೆ ಗೋಡೆಗಿಂತ ಮಾಳಿಗೆಗೆ ಖರ್ಚು ಮಾಡುವುದು ಮೇಲು. ಫೆಬ್ರುವರಿಯಲ್ಲಿ ಮಾಳಿಗೆ ತೊಳೆದು, ಬಿರುಕು ತುಂಬಿ, ಬಿಸಿಲು ಹಿಂದಿರುಗಿಸುವ ಬಿಳಿ ಲೇಪ ಎರಡು ಕೋಟು ಹಾಕಿ. ಧೂಳು ಕೂತರೆ ಅದರ ಗುಣ ಇಳಿಯುತ್ತದೆ, ಬೇಸಿಗೆಯಲ್ಲಿ ಆಗಾಗ ಗುಡಿಸಿ.

ಶಹಾಬಾದ್ ಫರಸಿಯ ನೀಲಿ ಬೂದುಬಣ್ಣಕ್ಕೆ ಒಳಗೋಡೆ ಬೂದಾದರೆ ಪಡಸಾಲೆ ಸಪ್ಪೆ. ಮಾಸಲು ಹಸಿರು ಅಥವಾ ಬೆಣ್ಣೆ ಬಿಳಿ ಹೊಂದುತ್ತದೆ. ಫರಸಿ ಸುಣ್ಣದ ಕಲ್ಲು. ಬಣ್ಣದ ಕಲೆ ತೆಗೆಯಲೆಂದು ಆಸಿಡ್ ಸುರಿದರೆ ಕಲ್ಲೇ ತಿಂದುಹೋಗುತ್ತದೆ. ಕೆಲಸಕ್ಕೆ ಮೊದಲು ಗೋಣಿ, ಪ್ಲಾಸ್ಟಿಕ್ ಹಾಸಿ.

ಪ್ರಶ್ನೆ: ಕೆಂಪು ಕಾವಿ ನೆಲ ಮತ್ತೆ ಬಂದಿದೆಯೆಂದು ಕೇಳಿದೆವು. ಮಲಗುವ ಕೋಣೆಗೆ ಮಾಡಿಸಬೇಕೆಂದಿದ್ದೇವೆ, 12 ಅಡಿ ಚೌಕ. ಈಗಿನವರು ಮಾಡಿದ್ದು ಬಿರುಕು ಬಿಡುತ್ತದಂತೆ, ಅಜ್ಜನ ಕಾಲದ್ದು ಇನ್ನೂ ಹೊಳೆಯುತ್ತಿದೆ. ಎಲ್ಲಿ ತಪ್ಪುತ್ತದೆ?
- ನೀರ್ಚಾಲು

ಉತ್ತರ: ಅವಸರದಲ್ಲಿ ತಪ್ಪುತ್ತದೆ. ಈ ನೆಲದಲ್ಲಿ ಸಾಮಾನಿಗಿಂತ ಕರಣೆ ಹಿಡಿದ ಕೈ ಮುಖ್ಯ. ಕೆಲಸ ಗೊತ್ತಿರುವ ಹಿರಿಯ ಮೇಸ್ತ್ರಿ ಸಿಗದಿದ್ದರೆ ಟೈಲ್ಸ್ ಹಾಕಿಸಿ ಎಂದೇ ಹೇಳುತ್ತೇವೆ.

ಸಿಕ್ಕಿದರೆ ಹೀಗೆ. ಮಣ್ಣು ತುಂಬಿಸಿ, ನೀರು ಹಾಕಿ, ಚೆನ್ನಾಗಿ ಗುದ್ದಿ ಕೂರಿಸಿದ ಮೇಲೆ ನಾಲ್ಕು ಇಂಚು ಕಾಂಕ್ರೀಟ್, ಅದರ ಮೇಲೆ ಒಂದು ಇಂಚು ಒಂದಕ್ಕೆ ಮೂರರ ಒರಟು ಗಾರೆ. ಕಾವಿಯ ಪದರ ಈ ಗಾರೆ ಪೂರ್ತಿ ಒಣಗುವ ಮೊದಲೇ ಬೀಳಬೇಕು. ಒಣಗಿದ ಮೇಲೆ ಹಾಕಿದ್ದು ಅಂಟುವುದಿಲ್ಲ. ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು, ವರ್ಷದೊಳಗೆ ಹಪ್ಪಳದಂತೆ ಏಳುತ್ತದೆ.

ಕಾವಿ ಹುಡಿ ಸಿಮೆಂಟಿನ ತೂಕದ ನೂರಕ್ಕೆ ಹತ್ತನ್ನು ಮೀರಬಾರದು. 50 ಕಿಲೋ ಚೀಲಕ್ಕೆ ನಾಲ್ಕು ಕಿಲೋ ಸಾಕು, ಐದು ಗರಿಷ್ಠ. ಹೆಚ್ಚು ಹಾಕಿದರೆ ಬಣ್ಣ ಏರುವುದಿಲ್ಲ, ನೆಲ ಮೆತ್ತಗಾಗಿ ಕಾಲಿಗೆ ಕೆಂಪು ಅಂಟುತ್ತದೆ. ಇಡೀ ಕೋಣೆಗೆ ಬೇಕಾದ ಸಿಮೆಂಟು, ಕಾವಿಯನ್ನು ಒಟ್ಟಿಗೇ ಒಣದಾಗಿ ಬೆರೆಸಿ ಮೂರು ಸಲ ಜರಡಿ ಹಿಡಿಯಿರಿ. ಚೀಲ ಚೀಲವಾಗಿ ಬೆರೆಸಿದರೆ ನೆಲದಲ್ಲಿ ಪಟ್ಟೆ ಕಾಣುತ್ತದೆ. ಈ ಮಿಶ್ರಣಕ್ಕೆ ಸಮಪಾಲು ನುಣುಪು ಮರಳು ಅಥವಾ ಅಮೃತಶಿಲೆ ಹುಡಿ ಸೇರಿಸಿ, ಐದಾರು ಮಿ.ಮೀ. ದಪ್ಪಕ್ಕೆ ಹರಡಿ.

ಬಿರುಕು ತಡೆಯಲು ನಾಲ್ಕು ಅಡಿ ಚೌಕಕ್ಕೊಂದು 4 ಮಿ.ಮೀ. ಗಾಜಿನ ಪಟ್ಟಿ ನಿಲ್ಲಿಸಿ. ನಿಮ್ಮ ಕೋಣೆಗೆ ಸರಿಯಾಗಿ ಒಂಬತ್ತು ಚೌಕ ಬರುತ್ತವೆ. ಸಿಮೆಂಟು ಕುಗ್ಗುವಾಗ ಬಿರಿಯಲೇಬೇಕು, ಪಟ್ಟಿಯಿದ್ದರೆ ಬಿರುಕು ಅಲ್ಲೇ ಅಡಗುತ್ತದೆ. ಪದರ ಬಿಗಿಯಾಗುತ್ತ ಬಂದಂತೆ ಸ್ಟೀಲ್ ಕರಣೆಯಿಂದ ಮತ್ತೆ ಮತ್ತೆ ಒತ್ತಿ ಎಳೆಯಬೇಕು. ಹೊಳಪು ಬರುವುದು ಈ ಉಜ್ಜುವಿಕೆಯಿಂದ. ಕೈ ಸೋತಾಗ ಮೇಲೆ ಒಣ ಸಿಮೆಂಟು ಉದುರಿಸುವುದು, ನೀರು ಚಿಮುಕಿಸುವುದು ನಡೆಯುತ್ತದೆ. ಅಂಥ ಜಾಗದಲ್ಲಿ ಜೇಡರ ಬಲೆಯಂತೆ ಸಣ್ಣ ಬಿರುಕು ಮೂಡುತ್ತದೆ. ಫ್ಯಾನ್ ಹಾಕಬೇಡಿ, ಕಿಟಕಿ ಮುಚ್ಚಿ.

24 ಗಂಟೆಯ ಮೇಲೆ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ಒಂದು ಇಂಚು ನೀರು ನಿಲ್ಲಿಸಿ, ಹತ್ತು ದಿನ. ಒದ್ದೆ ಗೋಣಿ ಹೊದಿಸಿದರೆ ಅದರ ನೇಯ್ಗೆಯ ಗುರುತು ಉಳಿಯುತ್ತದೆ. ನೀರು ಒಂದು ಕಡೆ ಆರಿ ಇನ್ನೊಂದು ಕಡೆ ನಿಂತರೆ ಬಿಳಿ ಕಲೆ. ಆಮೇಲೆ ಮೂರು ವಾರ ಒಣಗಿಸಿ, ಮೇಣದ ಪಾಲಿಶ್ ಅಥವಾ ತೆಂಗಿನೆಣ್ಣೆ ತೆಳುವಾಗಿ ಹಚ್ಚಿ ತೆಂಗಿನ ಸಿಪ್ಪೆಯಿಂದ ತಿಕ್ಕಿ. ನಿಂಬೆ, ಹುಣಸೆ, ಪುನರ್ಪುಳಿ ನೀರು ಚೆಲ್ಲಿದರೆ ಕೂಡಲೇ ಒರೆಸಿ. ಹುಳಿ ಸಿಮೆಂಟನ್ನು ತಿಂದು ಮಂಕು ಮಚ್ಚೆ ಬಿಡುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಪ್ರಶ್ನೆ: ಫ್ಲ್ಯಾಟಿನಲ್ಲಿ ಹತ್ತು ಅಡಿಯ ಟಿ.ವಿ. ಗೋಡೆಗೆ ಸಾಲುಪಟ್ಟಿಯ ಪ್ಯಾನೆಲ್ ಹಾಕಿಸಬೇಕೆಂದಿದ್ದೇವೆ. ಗೋಡೆ, ಸೀಲಿಂಗ್, ಬಾಗಿಲು ಎಲ್ಲಕ್ಕೂ ಒಂದೇ ಬಣ್ಣ ಹಚ್ಚುವುದು ಈಗಿನ ರೀತಿಯಂತೆ. ಸೀಲಿಂಗ್ ಒಂಬತ್ತೇ ಅಡಿ. ಮಾಡಬಹುದೇ?
- ಹೊಸೂರು

ಉತ್ತರ: ಎರಡೂ ಮಾಡಬಹುದು, ಒಂದೇ ಕೋಣೆಯಲ್ಲಿ ಬೇಡ. ಸಾಲುಪಟ್ಟಿಯನ್ನು ಗೋಡೆಯ ಮೂರನೇ ಒಂದು ಪಾಲಿಗೆ ಮಾತ್ರ ಹಾಕಿ. ಪಟ್ಟಿ ನಿಂತ ಗೆರೆಯಾಗಿರಲಿ, ತಗ್ಗು ಸೀಲಿಂಗ್ ಎತ್ತರ ಕಾಣುತ್ತದೆ. ಗೋಡೆಯ ಆಚೆ ಬಚ್ಚಲಿದ್ದರೆ ಎಂಡಿಎಫ್ ಬೇಡ, ಮರದ ಹುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯೂಪಿಸಿ ತನ್ನಿ. ಪ್ಯಾನೆಲಿನ ಅಗಲದಿಂದ ಜಾಗವನ್ನು ಭಾಗಿಸಿ ನೋಡಿ, ಚೂರು ಉಳಿಯುವುದಾದರೆ ಜಾಗವನ್ನೇ ಹಿಗ್ಗಿಸಿ ಅಥವಾ ಕುಗ್ಗಿಸಿ. ಅರ್ಧ ಕತ್ತರಿಸಿದ ಪಟ್ಟಿ ಅಂಚಿನಲ್ಲಿ ಕಂಡರೆ ಇಡೀ ಕೆಲಸ ಕೆಟ್ಟಂತೆ. ಸಾಕೆಟ್, ವೈರ್ ಮೊದಲೇ ಹೊರತೆಗೆಯಿರಿ. ಸಂದಿಯ ಧೂಳು ಒರೆಸಲು ವಾರಕ್ಕೊಮ್ಮೆ ಸಮಯ ಬೇಕು, ಅದು ಆಗದೆಂದರೆ ಹಾಕಿಸಬೇಡಿ.

ಎಲ್ಲಕ್ಕೂ ಒಂದೇ ಬಣ್ಣ ಹಚ್ಚುವ ರೀತಿ ಸಣ್ಣ ಮಲಗುವ ಕೋಣೆಗೆ ಚೆನ್ನಾಗಿ ಕೂರುತ್ತದೆ. ಗೋಡೆ ಮುಗಿದು ಸೀಲಿಂಗ್ ಶುರುವಾಗುವ ಗೆರೆ ಅಳಿಸಿಹೋಗುವುದರಿಂದ ಕೋಣೆ ಕಿರಿದೆನಿಸುವುದಿಲ್ಲ. ಗೋಡೆಗೂ ಸೀಲಿಂಗಿಗೂ ಮ್ಯಾಟ್, ಬಾಗಿಲಿಗೆ ಸ್ಯಾಟಿನ್. ಹೊಳಪು ಬೇರೆಯಾದರೆ ಒಂದೇ ಶೇಡ್ ಕೂಡ ಸ್ವಲ್ಪ ಬೇರೆ ಕಾಣುತ್ತದೆ. ಅದು ಪೇಂಟರಿನ ತಪ್ಪಲ್ಲ.

ಪ್ರಶ್ನೆ: ಹಳೆಯ ಮಣ್ಣಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದೆವು. ಪೇಟೆಯವರು ಈಗ ಅದನ್ನೇ ಲೈಮ್‌ವಾಶ್ ಎಂದು ದುಡ್ಡು ಕೊಟ್ಟು ಮಾಡಿಸುತ್ತಾರಂತೆ. ಮನೆಯಲ್ಲೇ ಬಣ್ಣ ಬೆರೆಸಿ ಮಾಡಿಕೊಳ್ಳಬಹುದೇ?
- ತಾಳವಾಡಿ

ಉತ್ತರ: ಖಂಡಿತ. ನಿಮ್ಮ ಗೋಡೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಕಿಲೋ ಸುಟ್ಟ, ಅರಳಿಸದ ಸುಣ್ಣಕ್ಕೆ ಐದು ಲೀಟರ್ ನೀರಿನ ಲೆಕ್ಕದಲ್ಲಿ, ನೀರಿಗೇ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಅರಳುವಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರವಿರಲಿ. ಪ್ಲಾಸ್ಟಿಕ್ ಬಕೆಟ್ ಕರಗೀತು, ಕಬ್ಬಿಣದ ಡ್ರಮ್ ಬಳಸಿ. ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ. ಬಣ್ಣಕ್ಕೆ ಗೋಪಿ ಹಳದಿ, ಕಾವಿ ಕೆಂಪುಗಳಂಥ ಮಣ್ಣಿನ ಬಣ್ಣಗಳೇ ಆಗಬೇಕು, ಬೇರೆ ಹಲವು ಬಣ್ಣಗಳನ್ನು ಸುಣ್ಣದ ಕ್ಷಾರ ಕೊಲ್ಲುತ್ತದೆ. ಸುಣ್ಣದ ತೂಕದ ನೂರಕ್ಕೆ ಐದರೊಳಗೆ ಇರಲಿ. ಹುಡಿಯನ್ನು ಮೊದಲು ಬಿಸಿನೀರಲ್ಲಿ ಕಲಸಿ ಆಮೇಲೆ ಸೇರಿಸಿ.

ಗೋಡೆಗೆ ನೀರು ಚಿಮುಕಿಸಿ, ತೀರಾ ತೆಳುವಾಗಿ, ಅಡ್ಡಾದಿಡ್ಡಿ ಕೈಯಾಡಿಸಿ ಮೂರರಿಂದ ನಾಲ್ಕು ಕೋಟು, ದಿನಕ್ಕೊಂದು. ಹಚ್ಚಿದಾಗ ಏನೂ ಕಾಣುವುದಿಲ್ಲ, ಮರುದಿನ ಬಣ್ಣ ಏಳುತ್ತದೆ. ಕಾಣಲಿಲ್ಲವೆಂದು ದಪ್ಪ ಬಳಿದರೆ ಬೆನ್ನಿಗೆ ಬಿಳಿ ಅಂಟುವ ಗೋಡೆಯಾಗುತ್ತದೆ. ನೇರ ಬಿಸಿಲಿನಲ್ಲಿ ಬಳಿದರೂ ಅಷ್ಟೇ. ಸುಣ್ಣ ನಿಧಾನವಾಗಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಾಗಬೇಕು, ಅದಕ್ಕೆ ತೇವ ಬೇಕು. ಡಿಸ್ಟೆಂಪರ್, ಪುಟ್ಟಿ, ಎಮಲ್ಷನ್ ಇದ್ದ ಗೋಡೆಗೆ ಇದು ಹಿಡಿಯುವುದಿಲ್ಲ, ಪೂರ್ತಿ ಕೆರೆಯಲೇಬೇಕು.

ಪ್ರಶ್ನೆ: 12 ಅಡಿ ಚೌಕ, 10 ಅಡಿ ಎತ್ತರದ ಕೋಣೆಗೆ ಎಷ್ಟು ಬಣ್ಣ ಬೇಕು? ಉರುಟು ಊಟದ ಮೇಜು ಕೊಳ್ಳುವುದಾದರೆ ಎಷ್ಟು ದೊಡ್ಡದು?
- ಆದವಾನಿ

ಉತ್ತರ: ನಾಲ್ಕು ಗೋಡೆ ಸೇರಿ 480 ಚದರಡಿ. ಒಂದು ಬಾಗಿಲು, ನಾಲ್ಕು ಅಡಿ ಚೌಕದ ಎರಡು ಕಿಟಕಿ ಕಳೆದರೆ ಸುಮಾರು 427. ಪುಟ್ಟಿ ಹಾಕಿ ನುಣುಪಾದ ಗೋಡೆಗೆ ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ 120 ಚದರಡಿಯ ಲೆಕ್ಕ ಹಿಡಿದರೆ ನಾಲ್ಕು ಲೀಟರ್. ಪುಟ್ಟಿ 40 ಕಿಲೋದ ಒಂದು ಚೀಲ, ಪ್ರೈಮರ್ ನಾಲ್ಕೈದು ಲೀಟರ್. ಕಡು ಕೆಂಪು, ಕಡು ಹಳದಿಗೆ ಮೂರನೇ ಕೋಟು ಬೇಕಾಗುತ್ತದೆ, ಎರಡು ಲೀಟರ್ ಹೆಚ್ಚಿಗೆ ತನ್ನಿ. ಎಲ್ಲ ಡಬ್ಬಗಳನ್ನೂ ಒಂದೇ ದಿನ ಟಿಂಟ್ ಮಾಡಿಸಿ, ಮನೆಗೆ ತಂದು ಒಂದೇ ಡ್ರಮ್ಮಿಗೆ ಸುರಿದು ಕಲಸಿ ಹಚ್ಚಿಸಿ. ಆಮೇಲೆ ತಂದ ಡಬ್ಬ ಅದೇ ನಂಬರಿನದಾದರೂ ಗೋಡೆಯ ನಡುವೆ ಗೆರೆ ಕಾಣಬಹುದು. ಅರ್ಧ ಲೀಟರ್ ಉಳಿಸಿ, ಮುಚ್ಚಳದ ಮೇಲೆ ಶೇಡ್ ನಂಬರು, ತಾರೀಕು ಬರೆದಿಡಿ.

ಉರುಟು ಮೇಜು ನಾಲ್ಕು ಜನರಿಗೆ ಮೂರೂವರೆ ಅಡಿ, ಆರು ಜನರಿಗೆ ನಾಲ್ಕೂವರೆಯಿಂದ ಐದು ಅಡಿ ವ್ಯಾಸ. ಕುರ್ಚಿ ಹಿಂದೆಳೆದು ಏಳಲು ಸುತ್ತಲೂ ಮೂರು ಅಡಿ ಬೇಕು. ಅಂದರೆ ನಾಲ್ಕು ಜನರ ಮೇಜಿಗೂ ಒಂಬತ್ತೂವರೆ ಅಡಿ ಚೌಕದ ಜಾಗ. ಗೋಡೆಗೆ ತಾಗಿಸಿ ಇಡಬೇಕಾದ ಕೋಣೆಯಾದರೆ ಉರುಟು ಬೇಡ, ಮೂಲೆ ಮಾತ್ರ ದುಂಡಗೆ ಮಾಡಿದ ಉದ್ದ ಮೇಜು ತನ್ನಿ. ಕಾಲು ನಡುವೆ ಒಂದೇ ಇರುವ ಮೇಜಾದರೆ ಅಂಗಡಿಯಲ್ಲೇ ಅಂಚಿಗೆ ಎರಡೂ ಕೈಯೂರಿ ಭಾರ ಬಿಟ್ಟು ನೋಡಿ. ಎದುರಿನ ಅಂಚು ಎದ್ದರೆ ಅಡಿಯ ತಟ್ಟೆ ಸಣ್ಣದಾಯಿತು ಎಂದರ್ಥ, ಬೇರೆಯದನ್ನು ತೋರಿಸಲು ಹೇಳಿ.